ಬಾಗಿಲು ತೆರೆಯುವ ಕೈ ನಮ್ಮದಾದಾಗ

2014ರ ಅಕ್ಟೋಬರ್ 7ರಂದು ‘ಏಲಿಯನ್: ಐಸೊಲೇಷನ್’ ಎಂಬ, ಸಿನಿಮಾದಿಂದ ಹುಟ್ಟಿದ ಭಯದ ವಿಡಿಯೊ ಗೇಮ್ ಬಿಡುಗಡೆಯಾಯಿತು. ಪಿಸಿ ಗೇಮರ್ ಪತ್ರಿಕೆ ಅದಕ್ಕೆ ನೂರಕ್ಕೆ 93 ಅಂಕ ಕೊಟ್ಟಿತು. ಐಜಿಎನ್ ಕೊಟ್ಟದ್ದು ಹತ್ತಕ್ಕೆ 5.9. ವಿಮರ್ಶಕರು ಹೀಗೆ ಇಬ್ಭಾಗವಾದಂತೆ ಆಡಿದವರೂ ಇಬ್ಭಾಗವಾದರು, ಇಷ್ಟು ವರ್ಷ ಕಳೆದರೂ ಆ ಜಗಳ ಮುಗಿದಿಲ್ಲ. ಎರಡೂ ಬಣದವರ ಮಾತನ್ನು ಗಮನವಿಟ್ಟು ಕೇಳಿದರೆ ಅವರು ಹೇಳುವ ಸಂಗತಿಗಳು ಒಂದೇ: ಆಟಗಾರನನ್ನು ಬೇಟೆಯಾಡುವ ಪ್ರಾಣಿಯನ್ನು ಕೊಲ್ಲಲಾಗದು, ಅದು ಯಾವಾಗ ಬರುತ್ತದೆಂದು ತಿಳಿಯದು, ಸತ್ತರೆ ಎಷ್ಟೋ ಹಿಂದಿನಿಂದ ಮತ್ತೆ ನಡೆದು ಬರಬೇಕು. ಒಬ್ಬರಿಗೆ ಅದು ಆಟದ ಹಿರಿಮೆ, ಇನ್ನೊಬ್ಬರಿಗೆ ಆಟದ ಹಿಂಸೆ.

ಚೆನ್ನೈನಲ್ಲಿ ಕುಳಿತವರಿಗೆ ಇದು ದೂರದೇಶದ ಜಗಳವೆಂದು ಅನಿಸಬೇಕಾಗಿಲ್ಲ. ವರ್ಷಕ್ಕೆ ಹಲವು ದೆವ್ವದ ಸಿನಿಮಾ ತೆಗೆಯುವ ಊರಿದು. ಇಲ್ಲಿ ಹುಟ್ಟಿದ ಭಯದ ಕಥೆಗಳು ಕನ್ನಡಕ್ಕೂ ಬಂದಿವೆ. ‘ಪಿಜ್ಜಾ’ ನಮ್ಮಲ್ಲಿ ‘ವಿಷಲ್’ ಆಯಿತು, ‘ಕಾಂಚನಾ’ ಬಂದು ‘ಕಲ್ಪನಾ’ ಆಯಿತು. ಎದುರು ದಿಕ್ಕಿನಲ್ಲಿ ನಮ್ಮ ‘ಆಪ್ತಮಿತ್ರ’ದ ನಾಗವಲ್ಲಿ 2005ರಲ್ಲಿ ‘ಚಂದ್ರಮುಖಿ’ಯಾಗಿ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಓಡಿದಳು. ಇಷ್ಟೆಲ್ಲ ದೆವ್ವಗಳಿರುವ ಊರಿನಿಂದ ಗಟ್ಟಿಯಾದ ಒಂದು ಭಯದ ಆಟ ಏಕೆ ಹೊರಡಲಿಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುವ ಪ್ರಶ್ನೆ. ಉತ್ತರ ಆಟಗಾರರ ದೂರುಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಮೊದಲು ಪ್ರಕಾರದ ಬಗ್ಗೆ ನಾಲ್ಕು ಮಾತು. ಶತ್ರುವನ್ನು ಸಾಲಾಗಿ ಹೊಡೆದುರುಳಿಸುವ ಆಟಗಳಿಗೂ ಸರ್ವೈವಲ್ ಹಾರರ್ ಆಟಗಳಿಗೂ ವ್ಯತ್ಯಾಸ ಇರುವುದು ಕೊರತೆಯಲ್ಲಿ. ಗುಂಡು ಕಡಿಮೆ, ಬೆಳಕು ಕಡಿಮೆ, ಔಷಧ ಕಡಿಮೆ. ಗೆಲ್ಲುವುದಕ್ಕಿಂತ ಬದುಕಿ ಉಳಿಯುವುದೇ ಗುರಿ. 1996ರಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿಯ ‘ರೆಸಿಡೆಂಟ್ ಈವಿಲ್’ ಬಂದಾಗ ಈ ಹೆಸರು ಜಗತ್ತಿನಲ್ಲಿ ನೆಲೆಯಾಯಿತು. ಆದರೆ ‘ರೆಸಿಡೆಂಟ್ ಈವಿಲ್’ ಮೊದಲು ಶುರುವಾದದ್ದು ಅದೇ ಕಂಪನಿಯ 1989ರ ‘ಸ್ವೀಟ್ ಹೋಮ್’ ಆಟವನ್ನು ಹೊಸದಾಗಿ ಮಾಡುವ ಯೋಜನೆಯಾಗಿ. ಆ ‘ಸ್ವೀಟ್ ಹೋಮ್’ ಕಿಯೋಶಿ ಕುರೊಸಾವಾ ನಿರ್ದೇಶಿಸಿದ ಅದೇ ಹೆಸರಿನ ದೆವ್ವದ ಸಿನಿಮಾದಿಂದ ಬಂದದ್ದು. ಸಿನಿಮಾದ ಬಾಲವಾಗಿ ಬರುವ ಆಟಗಳನ್ನು ಕಂಡರೆ ಮೂಗು ಮುರಿಯುವವರು ಇದನ್ನು ನೆನಪಿಡಬೇಕು. ಈ ಇಡೀ ಪ್ರಕಾರದ ಬೇರೇ ಒಂದು ಸಿನಿಮಾದಲ್ಲಿದೆ.

‘ಸ್ವೀಟ್ ಹೋಮ್’ ಆಟದ ಕಥೆ ಸರಳ. ಸತ್ತುಹೋದ ಒಬ್ಬ ಕಲಾವಿದನ ಪಾಳುಬಂಗಲೆಗೆ ಐವರು ಹೋಗುತ್ತಾರೆ, ಅಲ್ಲಿ ಒಂದು ಹೆಣ್ಣಿನ ಪ್ರೇತ ಅವರನ್ನು ಕೂಡಿಹಾಕುತ್ತದೆ. ಒಬ್ಬರ ಬಳಿ ಕ್ಯಾಮೆರಾ, ಒಬ್ಬರ ಬಳಿ ಲೈಟರ್, ಒಬ್ಬರ ಬಳಿ ಬೀಗ ತೆಗೆಯುವ ಕೀಲಿ, ಹೀಗೆ ಒಬ್ಬೊಬ್ಬರ ಬಳಿ ಒಂದೊಂದು ಸಾಧನ. ಐವರೂ ಒಟ್ಟಿಗೆ ಗುಂಪಾಗಿ ನಡೆಯುವಂತಿಲ್ಲ, ಮೂವರಿಗಿಂತ ದೊಡ್ಡ ಗುಂಪು ಕಟ್ಟಲು ಆಟ ಬಿಡುವುದಿಲ್ಲ. ಒಬ್ಬರು ಸತ್ತರೆ ಸತ್ತ ಹಾಗೆಯೇ. ಅವರು ಮರಳಿ ಬರುವುದಿಲ್ಲ, ಅವರ ಸಾಧನದ ಕೆಲಸಕ್ಕೆ ಬಂಗಲೆಯಲ್ಲಿ ಬೇರೆ ವಸ್ತುವನ್ನು ಹುಡುಕಿಕೊಳ್ಳಬೇಕು. ಎಷ್ಟು ಜನ ಉಳಿದರು ಎಂಬುದರ ಮೇಲೆ ಕೊನೆಯ ದೃಶ್ಯವೇ ಬದಲಾಗುತ್ತದೆ. ಅಂದಿನ ಎಂಟು ಬಿಟ್‌ನ ಯಂತ್ರ, ಚೌಕ ಚೌಕದ ಗೊಂಬೆಗಳು. ಸಿನಿಮಾದ ಬಂಗಲೆಯ ಕತ್ತಲೆ, ನಟರ ಮುಖ ಯಾವುದನ್ನೂ ಆ ಯಂತ್ರ ತೋರಿಸಲಾರದು. ತೋರಿಸಲಾಗದ್ದನ್ನೆಲ್ಲ ಬಿಟ್ಟು, ಆ ಮನೆಯಲ್ಲಿ ಸಿಕ್ಕಿಬಿದ್ದವರ ಇಕ್ಕಟ್ಟನ್ನು ಮಾತ್ರ ತಂಡ ನಿಯಮಗಳಾಗಿ ಮಾಡಿತು. ಜಪಾನಿನ ಹೊರಗೆ ಅಧಿಕೃತವಾಗಿ ಮಾರಾಟವಾಗದ ಈ ಆಟವನ್ನು ಅಭಿಮಾನಿಗಳೇ ಇಂಗ್ಲಿಷಿಗೆ ತಂದು ಜಗತ್ತಿಗೆ ಹಂಚಿದರು. ಮೂಲ ಸಿನಿಮಾ ಅಷ್ಟಾಗಿ ಕಣ್ಣಿಗೆ ಬೀಳದೆ ಉಳಿಯಿತು, ಆಟ ಒಂದು ವಂಶವನ್ನೇ ಬೆಳೆಸಿತು.

ಇನ್ನು ‘ಏಲಿಯನ್’ಗೆ ಬರೋಣ. ರಿಡ್ಲಿ ಸ್ಕಾಟ್ 1979ರಲ್ಲಿ ತೆಗೆದ ಸಿನಿಮಾ ಎರಡು ಗಂಟೆಗೆ ಮೂರು ನಿಮಿಷ ಕಡಿಮೆ. ಅದರಲ್ಲಿ ಒಂದೇ ಒಂದು ಪ್ರಾಣಿ, ಅದೂ ಕಾಣಿಸುವುದು ಅಪರೂಪ. 1986ರ ಎರಡನೆಯ ಸಿನಿಮಾದಲ್ಲಿ ಸೈನಿಕರು ಬಂದರು, ಬಂದೂಕುಗಳು ಬಂದವು, ಪ್ರಾಣಿಗಳೂ ಹಿಂಡಾದವು. ಮುಂದೆ ಬಂದ ಆಟಗಳಲ್ಲಿ ಹೆಚ್ಚಿನವು ಆ ಎರಡನೆಯದನ್ನೇ ಹಿಡಿದವು, ಏಕೆಂದರೆ ಗುಂಡು ಹಾರಿಸುವುದನ್ನು ಆಟ ಮಾಡುವುದು ಸುಲಭ. 2013ರ ಫೆಬ್ರವರಿಯಲ್ಲಿ ಬಂದ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ ಆ ಸಾಲಿನ ದೊಡ್ಡ ನಿರಾಸೆ. ಮುಂಚೆ ತೋರಿಸಿದ ಆಟ ಒಂದು, ಕೈಗೆ ಬಂದದ್ದು ಇನ್ನೊಂದು ಎಂದು ಅಮೆರಿಕದಲ್ಲಿ ಆಟಗಾರರು ಕೋರ್ಟಿಗೆ ಹೋದರು. ಅದರಲ್ಲಿ ಪ್ರಾಣಿಗಳು ಬುದ್ಧಿಯಿಲ್ಲದೆ ನೇರ ಎದುರಿಗೆ ಓಡಿಬರುತ್ತಿದ್ದವು. ಕೆಲವು ವರ್ಷಗಳ ಮೇಲೆ ಆಟದ ಕಡತಗಳನ್ನು ಕೆದಕಿದ ಒಬ್ಬ ಆಟಗಾರ ಒಂದು ಸಾಲಿನಲ್ಲಿ ‘ಟೆದರ್’ ಎಂಬ ಪದದ ಇಂಗ್ಲಿಷ್ ಕಾಗುಣಿತಕ್ಕೆ ‘ಎ’ ಅಕ್ಷರವೊಂದು ಹೆಚ್ಚಾಗಿ ಸೇರಿರುವುದನ್ನು ಕಂಡ. ಅದನ್ನು ಅಳಿಸಿದರೆ ಪ್ರಾಣಿಗಳ ನಡವಳಿಕೆ ಗಮನಿಸುವಷ್ಟು ಸುಧಾರಿಸುತ್ತಿತ್ತು. 2018ರಲ್ಲಿ ಇದು ಎಲ್ಲೆಡೆ ಸುದ್ದಿಯಾಯಿತು. ಹಾಳಾದ ಆಟವೆಂದು ಎಲ್ಲರೂ ಕೈಬಿಟ್ಟದ್ದನ್ನು ಒಬ್ಬ ಆಟಗಾರ ಇಷ್ಟು ಶ್ರದ್ಧೆಯಿಂದ ತೆರೆದು ನೋಡಿದನಲ್ಲ, ಆ ಪ್ರೀತಿಯನ್ನು ಯಾವ ಅಂಕಪಟ್ಟಿಯೂ ಅಳೆಯಲಾರದು.

‘ಐಸೊಲೇಷನ್’ ಮಾಡಿದ್ದು ಇಂಗ್ಲೆಂಡಿನ ಹಾರ್ಶಮ್ ಪಟ್ಟಣದ ಕ್ರಿಯೇಟಿವ್ ಅಸೆಂಬ್ಲಿ. ಸೈನ್ಯಗಳನ್ನು ನಡೆಸುವ ‘ಟೋಟಲ್ ವಾರ್’ ಆಟಗಳಿಗೆ ಹೆಸರಾದ ಸಂಸ್ಥೆ, ಭಯದ ಆಟ ಅದಕ್ಕೆ ಹೊಸದು. ಫಾಕ್ಸ್ ಸ್ಟುಡಿಯೊ ಅವರಿಗೆ ಮೊದಲ ಸಿನಿಮಾದ ಮೂಲ ರೇಖಾಚಿತ್ರ, ಫೋಟೊ, ಧ್ವನಿಗಳ ಸಂಗ್ರಹವನ್ನು ಕೊಟ್ಟಿತು, ಒಟ್ಟು ಮೂರು ಟೆರಾಬೈಟ್‌ನಷ್ಟು. 1979ರಲ್ಲಿ ಕಲ್ಪಿಸಿದ ಭವಿಷ್ಯ ಹೇಗಿತ್ತೋ ಹಾಗೆಯೇ ಇರಬೇಕೆಂದು, ಆಟದ ಪರದೆಗಳ ಚಿತ್ರಗಳನ್ನು ಹಳೆಯ ವಿಎಚ್‌ಎಸ್ ಟೇಪಿಗೆ ಇಳಿಸಿ, ಬೇಕೆಂದೇ ಕೆಡಿಸಿ, ಮತ್ತೆ ಕಂಪ್ಯೂಟರಿಗೆ ಏರಿಸಿದರು. ಸಿನಿಮಾದ ನಾಯಕಿ ರಿಪ್ಲಿಯ ಮಗಳು ಅಮಾಂಡಾ, ತಾಯಿ ಕಾಣೆಯಾಗಿ 15 ವರ್ಷದ ಮೇಲೆ ಸೆವಾಸ್ತೊಪೋಲ್ ಎಂಬ ಪಾಳುಬಿದ್ದ ಬಾಹ್ಯಾಕಾಶ ನಿಲ್ದಾಣಕ್ಕೆ ಬರುತ್ತಾಳೆ. ನಾವು ಅವಳು.

ಇಷ್ಟೇ ಆಗಿದ್ದರೆ ಅದು ಸುಂದರವಾದ ಅನುಕರಣೆಯಾಗಿ ಉಳಿಯುತ್ತಿತ್ತು. ಆಟವನ್ನು ಎತ್ತಿ ನಿಲ್ಲಿಸಿದ್ದು ಆ ಪ್ರಾಣಿಯ ಹಿಂದಿರುವ ಎರಡು ಬುದ್ಧಿಗಳು. ಮೇಲಿನ ಬುದ್ಧಿಗೆ ಆಟಗಾರ ಎಲ್ಲಿದ್ದಾನೆಂದು ಯಾವಾಗಲೂ ಗೊತ್ತು, ಆದರೆ ಅದು ಪ್ರಾಣಿಗೆ ಜಾಗವನ್ನು ತೋರಿಸಿಕೊಡುವುದಿಲ್ಲ, ಈ ಕಡೆ ಹುಡುಕು ಎಂಬಷ್ಟು ಸೂಚನೆಯನ್ನಷ್ಟೇ ಕೊಡುತ್ತದೆ. ಕೆಳಗಿನ ಬುದ್ಧಿ ಪ್ರಾಣಿಯದು. ಅದು ಕಣ್ಣಿನಿಂದ, ಕಿವಿಯಿಂದ ನಮ್ಮನ್ನು ಕಂಡುಹಿಡಿಯಬೇಕು. ಬಹಳ ಹೊತ್ತು ಒತ್ತಡ ಹೆಚ್ಚಾಯಿತೆಂದು ಲೆಕ್ಕ ಹೇಳಿದರೆ ಮೇಲಿನ ಬುದ್ಧಿ ಪ್ರಾಣಿಯನ್ನು ಗಾಳಿಕೊಳವೆಗಳೊಳಗೆ ವಾಪಸು ಕಳಿಸಿ ನಮಗೆ ಉಸಿರಾಡಲು ಬಿಡುತ್ತದೆ. ನಾವು ಒಂದೇ ಉಪಾಯವನ್ನು ಮತ್ತೆ ಮತ್ತೆ ಮಾಡಿದರೆ ಪ್ರಾಣಿಯ ನಡವಳಿಕೆಯಲ್ಲಿ ಮುಚ್ಚಿಟ್ಟಿದ್ದ ಹೊಸ ದಾರಿಗಳು ತೆರೆದುಕೊಳ್ಳುತ್ತವೆ. ಲಾಕರಿನಲ್ಲಿ ಅಡಗುವವನಿಗೆ ಲಾಕರ್ ಭದ್ರವಲ್ಲ ಎಂದು ಅರ್ಥವಾಗುವ ಹೊತ್ತಿಗೆ ತಡವಾಗಿರುತ್ತದೆ.

ಆಟಗಾರರ ಜಗಳ ಹುಟ್ಟುವುದು ಸರಿಯಾಗಿ ಇಲ್ಲಿಯೇ. ಸಿನಿಮಾದಲ್ಲಿ ಬಾಗಿಲು ಯಾವಾಗ ತೆರೆಯಬೇಕೆಂದು ನಿರ್ದೇಶಕ ನಿರ್ಧರಿಸುತ್ತಾನೆ, ನಾವು ಕಣ್ಣು ಮುಚ್ಚಿಕೊಂಡರೂ ಅದು ತೆರೆಯುತ್ತದೆ. ಆಟದಲ್ಲಿ ನಾವು ಗುಂಡಿ ಒತ್ತದಿದ್ದರೆ ಆ ಬಾಗಿಲು ಎಂದಿಗೂ ತೆರೆಯುವುದಿಲ್ಲ. ಒಂದು ಗಂಟೆ ಬಾಗಿಲ ಮುಂದೆ ನಿಂತೇ ಇರಬಹುದು. ಆದ್ದರಿಂದ ಒಳಗೆ ಏನಾದರೂ ಆದರೆ ಅದರ ಹೊಣೆ ನಮ್ಮದು. ಈ ಹೊಣೆಯ ಭಾವವೇ ಆಟದ ಭಯವನ್ನು ಸಿನಿಮಾದ ಭಯಕ್ಕಿಂತ ಆಳಕ್ಕೆ ಇಳಿಸುತ್ತದೆ. ಆದರೆ ಸಿನಿಮಾಕ್ಕಿಲ್ಲದ ಒಂದು ದೌರ್ಬಲ್ಯವೂ ಆಟಕ್ಕಿದೆ. ಸಿನಿಮಾದಲ್ಲಿ ಪಾತ್ರ ಒಮ್ಮೆ ಸಾಯುತ್ತದೆ, ಆಟದಲ್ಲಿ ನಾವು ಅದೇ ಓಣಿಯಲ್ಲಿ ಏಳು ಸಲ ಸಾಯಬಹುದು. ಮೊದಲ ಸಲ ಎದೆ ನಡುಗುತ್ತದೆ. ಐದನೆಯ ಸಲ ಬರುವುದು ಸಿಟ್ಟು. ಏಳನೆಯ ಸಲ ಬೇಸರ. ಹದಿನೈದು ಇಪ್ಪತ್ತು ಗಂಟೆಯ ಆಟದಲ್ಲಿ ಈ ಬೇಸರ ಎಲ್ಲಿ ಭಯವನ್ನು ನುಂಗುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಕಡೆ. 93 ಮತ್ತು 5.9ರ ನಡುವಿನ ಅಂತರ ಅಷ್ಟೇ. ನನ್ನ ಮಟ್ಟಿಗೆ ಈ ಆಟ ಮೂರರಲ್ಲಿ ಒಂದು ಪಾಲು ಚಿಕ್ಕದಾಗಿದ್ದರೆ ದೂರುವವರ ಬಾಯಿ ಮುಚ್ಚುತ್ತಿತ್ತು. ಹಾಗಿದ್ದರೂ ಅದರ ಪರವಾಗಿಯೇ ನಿಲ್ಲುತ್ತೇನೆ.

ಸೇವ್ ಮಾಡುವ ವ್ಯವಸ್ಥೆಯನ್ನೇ ನೋಡಿ. ‘ಐಸೊಲೇಷನ್’ನಲ್ಲಿ ಬೇಕೆಂದಲ್ಲಿ ಆಟವನ್ನು ಉಳಿಸಲಾಗದು. ಗೋಡೆಯ ಮೇಲಿನ ಒಂದು ಯಂತ್ರದವರೆಗೆ ಹೋಗಿ, ಕಾರ್ಡು ತೂರಿಸಿ, ಒಂದಾದ ಮೇಲೊಂದು ದೀಪ ಹೊತ್ತುವವರೆಗೆ ಬೆನ್ನು ತಿರುಗಿಸಿ ನಿಂತಿರಬೇಕು. ಆ ಕ್ಷಣಗಳಲ್ಲೂ ಪ್ರಾಣಿ ಬಂದು ಕೊಲ್ಲಬಹುದು. ಇದನ್ನು ಹೊಗಳುವವರು, ಉಳಿಸಿಕೊಳ್ಳುವ ಕ್ರಿಯೆಯೂ ಅಪಾಯವಾದ್ದರಿಂದ ಭಯಕ್ಕೆ ಬಿಡುವೇ ಇಲ್ಲ ಎನ್ನುತ್ತಾರೆ. ನಮ್ಮ ಕಡೆಯ ಆಟಗಾರರ ದೂರಿಗೆ ಇನ್ನೊಂದು ಕಾರಣವಿದೆ, ಅದನ್ನು ಹಾರ್ಶಮ್‌ನಲ್ಲಿ ಯಾರೂ ಯೋಚಿಸಿರಲಾರರು. 2012ರ ಸುಮಾರಿಗೆ ಚೆನ್ನೈನಲ್ಲೇ ದಿನಕ್ಕೆ ಎರಡು ಗಂಟೆ ಘೋಷಿತ ವಿದ್ಯುತ್ ಕಡಿತವಿತ್ತು, ತಮಿಳುನಾಡಿನ ಬೇರೆ ಊರುಗಳ ಪಾಡು ಅದಕ್ಕಿಂತ ಕಡೆ. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟು ಹೋದರೆ ಪ್ರಾಣಿ ಮಾಡದ ಕೆಲಸವನ್ನು ವಿದ್ಯುತ್ ಮಂಡಳಿ ಮಾಡಿಬಿಡುತ್ತದೆ, ಮುಕ್ಕಾಲು ಗಂಟೆಯ ಶ್ರಮ ಮಣ್ಣುಪಾಲು. ಆಟದ ಕಠಿಣತೆಯನ್ನು ಮೆಚ್ಚುವ ಮಾತು, ಕರೆಂಟು ಎಂದೂ ಹೋಗದ ಮನೆಯಿಂದ ಬಂದಷ್ಟು ಸಲೀಸಾಗಿ ಬೇರೆ ಕಡೆಯಿಂದ ಬರುವುದಿಲ್ಲ.

ದುಡ್ಡಿನ ಸಂಗತಿಯೂ ಅಭಿಪ್ರಾಯವನ್ನು ತಿದ್ದುತ್ತದೆ. ಸ್ಟೀಮ್ ಅಂಗಡಿಯಲ್ಲಿ ರೂಪಾಯಿ ದರ ಕಾಣಿಸಿದ್ದು 2015ರ ಕೊನೆಗೆ, ಅಲ್ಲಿಯವರೆಗೆ ಡಾಲರಿನ ಲೆಕ್ಕ. ಅದಕ್ಕೂ ಹಿಂದಿನ ಪೀಳಿಗೆಗೆ ಮೌಂಟ್ ರೋಡ್ ಬಳಿಯ ರಿಚ್ಚಿ ಸ್ಟ್ರೀಟ್, ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರ್‌ಗಳಲ್ಲಿ ಸಿಗುತ್ತಿದ್ದ ನಕಲಿ ಸಿಡಿಗಳೇ ಗತಿ, ಬೆಂಗಳೂರಿನವರಿಗೆ ನ್ಯಾಷನಲ್ ಮಾರ್ಕೆಟ್ ಇದ್ದ ಹಾಗೆ. ಅಗ್ಗದ ಸಿಡಿಯಲ್ಲಿ ಆಡಿದವನು ಆಟದ ಉದ್ದದ ಬಗ್ಗೆ ದೂರುವುದಿಲ್ಲ, ಉದ್ದವಿದ್ದಷ್ಟೂ ಲಾಭವೆಂದುಕೊಳ್ಳುತ್ತಾನೆ. 2021ರ ಡಿಸೆಂಬರಿನಲ್ಲಿ ‘ಐಸೊಲೇಷನ್’ ಮೊಬೈಲಿಗೆ ಬಂದ ಮೇಲೆ ಇನ್ನೊಂದು ಬಗೆಯ ಆಟಗಾರರು ಹುಟ್ಟಿದರು. ಇಯರ್‌ಫೋನ್ ಹಾಕಿಕೊಂಡು ಕಿರಿದಾದ ಪರದೆಯಲ್ಲಿ ಆಡುವವರಿಗೆ ಚಿತ್ರಕ್ಕಿಂತ ಸದ್ದೇ ಭಯದ ಮೂಲ.

ಆಡದೆಯೇ ಅಭಿಪ್ರಾಯ ಹೇಳುವವರೂ ಇದ್ದಾರೆ, ಅವರ ಮಾತನ್ನು ನಾನು ಕಡೆಗಣಿಸುವುದಿಲ್ಲ. ಭಯದ ಆಟವನ್ನು ಇನ್ನೊಬ್ಬರು ಆಡುತ್ತ ತಮಿಳಿನಲ್ಲೋ ಕನ್ನಡದಲ್ಲೋ ಮಾತಾಡುವ ಯೂಟ್ಯೂಬ್ ವಿಡಿಯೊಗಳನ್ನು ನೋಡುವವರ ಸಂಖ್ಯೆ ದೊಡ್ಡದು. ನಮ್ಮ ಥಿಯೇಟರಿನಲ್ಲಿ ದೆವ್ವ ಬಂದಾಗ ಯಾರೋ ಕೂಗುತ್ತಾರೆ, ಇನ್ಯಾರೋ ನಗುತ್ತಾರೆ, ಭಯ ಎಲ್ಲರಿಗೂ ಹಂಚಿಹೋಗುತ್ತದೆ. ‘ಮುನಿ’, ‘ಕಾಂಚನಾ’ ಸರಣಿ ಬೆಳೆದದ್ದೇ ಆ ನಗುವಿನ ಮೇಲೆ. ಆಟ ಒಬ್ಬನನ್ನೇ ಕೂರಿಸಿ ಹೆದರಿಸುತ್ತದೆ, ವಿಡಿಯೊ ಅವನ ಸುತ್ತ ಮತ್ತೆ ಜನರನ್ನು ತಂದು ಕೂರಿಸುತ್ತದೆ. ನೋಡುವವನಿಗೆ ಏಳು ಸಲದ ಸಾವು ಬೇಸರವಲ್ಲ, ಮಜಾ. ಹೀಗಾಗಿ ಒಂದೇ ಆಟದ ಬಗ್ಗೆ ನೋಡಿದವನ ಮೆಚ್ಚುಗೆ, ಆಡಿದವನ ದೂರು ಎರಡೂ ನಿಜವಾಗುತ್ತವೆ.

ಈಚಿನ ಉದಾಹರಣೆ ‘ಎ ಕ್ವಯಟ್ ಪ್ಲೇಸ್: ದಿ ರೋಡ್ ಅಹೆಡ್’. 2018ರ ಸಿನಿಮಾದಲ್ಲಿ ಸದ್ದು ಮಾಡಿದರೆ ಸಾವು. 2024ರ ಅಕ್ಟೋಬರಿನಲ್ಲಿ ಇಟಲಿಯ ಸ್ಟಾರ್ಮೈಂಡ್ ಗೇಮ್ಸ್ ಮಾಡಿದ ಆಟ ಆ ನಿಯಮವನ್ನು ಪರದೆಯಿಂದ ಹೊರಗೆ ತಂದಿತು. ಬೇಕೆಂದರೆ ನಮ್ಮ ಮೈಕನ್ನು ಆಟಕ್ಕೆ ಕೊಡಬಹುದು, ಆಗ ನಾವು ಕುಳಿತ ಕೋಣೆಯ ಸದ್ದು ಆಟದೊಳಗಿನ ಪ್ರಾಣಿಗೂ ಕೇಳುತ್ತದೆ. ನಾಯಕಿ ಅಲೆಕ್ಸ್‌ಗೆ ಅಸ್ತಮಾ, ಜೊತೆಗೆ ಗರ್ಭಿಣಿ. ಧೂಳು ಎದ್ದರೂ, ಗಾಬರಿಯಾದರೂ ಉಸಿರು ಕಟ್ಟುತ್ತದೆ. ಆಡಿದವರು ಈ ಸದ್ದಿನ ಕಲ್ಪನೆಯನ್ನು ಬಾಯ್ತುಂಬ ಹೊಗಳಿದರು. ಅದೇ ಉಸಿರಿನಲ್ಲಿ, ಹೆಜ್ಜೆ ಹೆಜ್ಜೆಗೂ ತೆವಳುವ ವೇಗ ಮತ್ತು ಒಂದೇ ಬಗೆಯ ಕೆಲಸಗಳು ಬೇಸರ ತರಿಸುತ್ತವೆ ಎಂದರು. ಚೆನ್ನೈನ ಒಂದು ಅಪಾರ್ಟ್‌ಮೆಂಟಿನಲ್ಲಿ ಆ ಮೈಕ್ ಆನ್ ಮಾಡಿ ನೋಡಿ. ಮೇ ತಿಂಗಳಲ್ಲಿ ಫ್ಯಾನ್ ನಿಲ್ಲಿಸಲಾಗದು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಕೆಳಗೆ ಆಟೊ ಹಾರ್ನ್, ಮಾರ್ಗಳಿ ತಿಂಗಳಾದರೆ ಬೆಳಗಿನ ಜಾವದಿಂದಲೇ ಗುಡಿಯ ಲೌಡ್‌ಸ್ಪೀಕರ್. ನಿಶ್ಶಬ್ದವಾದ ಮನೆಯನ್ನು ಊಹಿಸಿ ಕಟ್ಟಿದ ಆಟ ಇಲ್ಲಿ ಸೋಲುತ್ತದೆ, ಸೋಲಿನ ತಪ್ಪು ಆಟಗಾರನದಲ್ಲ. ಈ ಊರಿನ ಸದ್ದನ್ನು ಬಲ್ಲವರು ಇದೇ ನಿಯಮವನ್ನು ತಿರುಗಿಸಿ ಬರೆಯಬಹುದು. ಗದ್ದಲ ಇರುವವರೆಗೆ ನೀನು ಕ್ಷೇಮ, ಊರು ಸುಮ್ಮನಾದ ಕೂಡಲೇ ನಿನ್ನ ಹೆಜ್ಜೆ ಕೇಳಿಸುತ್ತದೆ. ಇಂಥದ್ದನ್ನು ಚೆನ್ನೈನವರಲ್ಲದೆ ಬೇರೆ ಯಾರು ಯೋಚಿಸಬೇಕು?

ದಕ್ಷಿಣದ ಸಿನಿಮಾಗಳಿಂದ ಆಟಗಳು ಬಂದೇ ಇಲ್ಲವೆಂದಲ್ಲ. ಚೆನ್ನೈನ ಎ.ಆರ್. ಮುರುಗದಾಸ್ 2005ರಲ್ಲಿ ಸೂರ್ಯ ಜೊತೆ ಮಾಡಿದ ‘ಗಜನಿ’ 2008ರಲ್ಲಿ ಹಿಂದಿಗೆ ಹೋಯಿತು, ಅದರೊಂದಿಗೆ ಹೈದರಾಬಾದಿನ ಎಫ್‌ಎಕ್ಸ್ ಲ್ಯಾಬ್ಸ್ ಒಂದು ಪಿಸಿ ಆಟವನ್ನೂ ಮಾಡಿತು. ಭಾರತದ ಮೊದಲ ನಿಜವಾದ ತ್ರೀಡಿ ಪಿಸಿ ಆಟವೆಂದು ಪ್ರಚಾರ ಪಡೆದ ಅದರಲ್ಲಿ ನಾಯಕ ಕೈಯಿಂದ, ಆಯುಧದಿಂದ ಹೊಡೆಯುತ್ತ ಹಂತಗಳನ್ನು ದಾಟುತ್ತಾನೆ. ಕಥೆಯ ಜೀವಾಳ ಏನು? ಹದಿನೈದು ನಿಮಿಷಕ್ಕಿಂತ ಹೆಚ್ಚು ನೆನಪು ನಿಲ್ಲದ ಮನುಷ್ಯ, ಮೈಮೇಲೆ ಹಚ್ಚೆ ಹಾಕಿಸಿಕೊಂಡು ಶತ್ರುವನ್ನು ಹುಡುಕುವುದು. ಆಟಕ್ಕೆಂದೇ ಹೇಳಿ ಮಾಡಿಸಿದ ನಿಯಮವದು. ಹದಿನೈದು ನಿಮಿಷಕ್ಕೊಮ್ಮೆ ಆಟಗಾರನ ನಕ್ಷೆ ಅಳಿಸಿಹೋಗಲಿ, ಗುರುತಿಸಿದ ಮುಖಗಳು ಅಪರಿಚಿತವಾಗಲಿ, ಮೈಮೇಲೆ ಬರೆದುಕೊಂಡದ್ದು ಮಾತ್ರ ಉಳಿಯಲಿ. ಏನನ್ನು ಬರೆದುಕೊಳ್ಳಬೇಕೆಂದು ಆರಿಸುವ ಸಂಕಟ ಯಾವ ದೆವ್ವಕ್ಕೂ ಕಡಿಮೆಯಿಲ್ಲ. 2014ರ ‘ಕೋಚಡೈಯಾನ್’ ಜೊತೆ ಬಂದ ಮೊಬೈಲ್ ಆಟ ಬಾಣ ಬಿಡುವುದರಲ್ಲಿ ಮುಗಿಯಿತು. ನಾಯಕನ ಮುಖವನ್ನು ಆಟಕ್ಕೆ ಅಂಟಿಸಿದರೆ ಅಭಿಮಾನಿ ಒಂದು ವಾರ ಆಡುತ್ತಾನೆ, ಆಮೇಲೆ ಫೋನಿನಲ್ಲಿ ಜಾಗ ಬೇಕಾದಾಗ ಮೊದಲು ಅಳಿಸುವುದು ಅದನ್ನೇ.

ಚೆನ್ನೈನ ದೆವ್ವದ ಸಿನಿಮಾಗಳಲ್ಲಿ ಮಾತ್ರ ನಿಯಮಗಳು ತುಂಬಿ ತುಳುಕುತ್ತಿವೆ. ವಿಕ್ರಮ್ ಕುಮಾರ್ 2009ರಲ್ಲಿ ಮಾಡಿದ ‘ಯಾವರುಂ ನಲಂ’ನಲ್ಲಿ ಹದಿಮೂರನೇ ಮಹಡಿಯ ಮನೆಗೆ ಬರುವ ಮಾಧವನ್ ಒಬ್ಬನೇ ಹತ್ತಿದರೆ ಲಿಫ್ಟ್ ಚಲಿಸುವುದಿಲ್ಲ. ಮನೆಯೊಳಗೆ ಅವನ ಫೋನಿನಲ್ಲಿ ತೆಗೆದ ಫೋಟೊ ವಿಕಾರವಾಗುತ್ತದೆ, ಆ ಮನೆಯ ಟೀವಿಯಲ್ಲಿ ಬರುವ ಧಾರಾವಾಹಿ ಅವರದೇ ಬದುಕನ್ನು ತೋರಿಸುತ್ತದೆ. ಅಶ್ವಿನ್ ಸರವಣನ್ ಅವರ ‘ಗೇಮ್ ಓವರ್’ (2019) ಎದುರು ದಿಕ್ಕಿನಿಂದ ಬಂದದ್ದು. ಚೆನ್ನೈನ ವೈ ನಾಟ್ ಸ್ಟುಡಿಯೋಸ್ ನಿರ್ಮಿಸಿದ ಆ ಸಿನಿಮಾದಲ್ಲಿ ತಾಪ್ಸಿ ಪನ್ನು ಗೇಮ್ ಡಿಸೈನರ್. ಕೊಲೆಗಾರ ಮನೆಯೊಳಗೆ ನುಗ್ಗಿದಾಗ ಅವಳಿಗೆ ಆಟದಲ್ಲಿರುವಂತೆ ಮೂರು ಜೀವ, ಸತ್ತು ಮತ್ತೆ ಅದೇ ರಾತ್ರಿಗೆ ಎದ್ದು ಬರುತ್ತಾಳೆ. ಪ್ರತಿ ಸಲ ಎದ್ದಾಗಲೂ ಹಿಂದಿನ ಸಾವಿನ ಪಾಠ ಅವಳೊಂದಿಗಿರುತ್ತದೆ. ಆಟದ ಪುನರಾವರ್ತನೆಯನ್ನು ಅರ್ಥಮಾಡಿಕೊಂಡವರು ಈ ಊರಿನಲ್ಲಿದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದರೆ ಒಂದೇ ಸಿನಿಮಾ ಆರಿಸು ಎಂದರೆ ನಾನು ಆರಿಸುವುದು ಅಜಯ್ ಜ್ಞಾನಮುತ್ತು ಅವರ ‘ಡಿಮಾಂಟಿ ಕಾಲೊನಿ’. 2015ರ ಮೇ ತಿಂಗಳಲ್ಲಿ ತೆರೆಕಂಡದ್ದು, 2024ರಲ್ಲಿ ಎರಡನೆಯ ಭಾಗವೂ ಬಂತು. ಆಳ್ವಾರ್‌ಪೇಟೆಯಲ್ಲಿ ಆ ಹೆಸರಿನ ಬಡಾವಣೆ ನಿಜವಾಗಿಯೂ ಇದೆ. ಹಿಂದಿನ ಕಾಲದ ಪೋರ್ಚುಗೀಸ್ ವರ್ತಕ ಜಾನ್ ಡಿ ಮಾಂಟಿಯ ಹೆಸರು ಹೊತ್ತ, ಪಾಳುಮನೆಗಳ ಸುತ್ತ ದೆವ್ವದ ಕಥೆಗಳು ಬೆಳೆದ ಜಾಗ. ಸಿನಿಮಾದಲ್ಲಿ ನಾಲ್ವರು ಗೆಳೆಯರು ರಾತ್ರಿ ಅಲ್ಲಿಗೆ ಹೋಗಿ ಬರುತ್ತಾರೆ. ಮುಂದೆ ತಮ್ಮದೇ ಬಾಡಿಗೆ ಕೋಣೆಯಲ್ಲಿ ಸಿಕ್ಕಿಬೀಳುತ್ತಾರೆ, ಅವರು ಹೇಗೆ ಸಾಯುತ್ತಾರೆಂದು ಕೋಣೆಯ ಟೀವಿಯೇ ತೋರಿಸುತ್ತದೆ. ದೊಡ್ಡ ಬಾಹ್ಯಾಕಾಶ ನಿಲ್ದಾಣ ಕಟ್ಟಬೇಕಿಲ್ಲ, ಒಂದು ಕೋಣೆ ಸಾಕು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೂ ಟೀವಿ ತೋರಿಸುವುದು ಒಂದೊಂದು ತುಣುಕು. ಬರಲಿರುವುದನ್ನು ಮೊದಲೇ ಕಂಡವನು ಗೆಳೆಯರಿಗೆ ಹೇಳಬೇಕೆ, ಮುಚ್ಚಿಡಬೇಕೆ?

ಹಕ್ಕಿನ ವಿಷಯದಲ್ಲಿ ಮಾತ್ರ ಮೊದಲೇ ಎಚ್ಚರ ಬೇಕು. ‘ಫ್ರೈಡೆ ದ ಥರ್ಟೀಂತ್’ ಸಿನಿಮಾದ ಆಟ 2017ರಲ್ಲಿ ಅಭಿಮಾನಿಗಳ ಚಂದಾಹಣದ ಬಲದಿಂದ ಬಂತು. ಮೂಲ ಚಿತ್ರಕಥೆ ಯಾರದೆಂಬ ಕೋರ್ಟ್ ವ್ಯಾಜ್ಯದಿಂದ ಮರುವರ್ಷವೇ ಹೊಸ ಸೇರ್ಪಡೆಗಳು ನಿಂತವು, 2023ರ ಕೊನೆಗೆ ಮಾರಾಟವೂ ನಿಂತಿತು. ಅದನ್ನು ಪ್ರೀತಿಸಿದವರ ಸಿಟ್ಟು ಆಟದ ಮೇಲೆ ಇರಲೇ ಇಲ್ಲ.

ಡಿಮಾಂಟಿ ಕಾಲೊನಿಯ ಆಟವನ್ನು ಯಾರಾದರೂ ಕೈಗೆತ್ತಿಕೊಂಡರೆ ಮೊದಲು ತೀರ್ಮಾನಿಸಬೇಕಾದದ್ದು ಚಿತ್ರದ ಅಂದವನ್ನಲ್ಲ, ನಟರ ಒಪ್ಪಿಗೆಯನ್ನೂ ಅಲ್ಲ. ನಾಲ್ವರಲ್ಲಿ ಒಬ್ಬ ಸತ್ತರೆ ಎಲ್ಲರೂ ಹಿಂದಿನಿಂದ ಶುರುಮಾಡಬೇಕೆ ಅಥವಾ ಉಳಿದ ಮೂವರು ಅವನಿಲ್ಲದೆ ಮುಂದುವರಿಯಬೇಕೆ? ಮೊದಲನೆಯದಾದರೆ ‘ಐಸೊಲೇಷನ್’ ಎದುರಿಸಿದ ಸಿಟ್ಟನ್ನೇ ಇದೂ ಎದುರಿಸುತ್ತದೆ. ‘ಸ್ವೀಟ್ ಹೋಮ್’ನಲ್ಲಿ ಆಟವನ್ನು ಎಲ್ಲಿ ಬೇಕಾದರೂ ಉಳಿಸಬಹುದಿತ್ತು, ಆದರೆ ಉಳಿಸಿದ ಮೇಲೆ ಸತ್ತವರು ಸತ್ತವರೇ. ಕರೆಂಟು ಹೋದರೂ ಶ್ರಮ ಉಳಿಯುತ್ತದೆ, ಭಯವೂ ಉಳಿಯುತ್ತದೆ. ನನ್ನ ಮತ ಅದಕ್ಕೇ. ಸತ್ತವನ ಪಾಲಿನ ಟೀವಿ ತುಣುಕು ಅವನೊಂದಿಗೇ ಹೋಗಲಿ, ಅವನು ಏನು ಕಂಡಿದ್ದನೆಂದು ತಿಳಿಯದೆಯೇ ಉಳಿದ ಮೂವರು ಆ ಬಾಗಿಲಿನ ಚಿಲಕಕ್ಕೆ ಕೈ ಹಾಕಲಿ.